4474 ಎಂಬ ನಂಬರಿನ ಕಥೆ

ರಾಡಾರ್‌ಗೆ ವಿಮಾನ ಕಂಡಿತ್ತು. ಅದು ಮೇಲಕ್ಕೆ ಏರ್ತಾ ಇದೆ ಅನ್ನೋದನ್ನ ಕಂಪ್ಯೂಟರ್ ಸರಿಯಾಗಿಯೇ ದಾಖಲಿಸಿಕೊಂಡಿತ್ತು. ಹಡಗು ಆ ಕಾಲಕ್ಕೆ ಜಗತ್ತಿನ ಅತ್ಯಾಧುನಿಕ ಯುದ್ಧನೌಕೆಗಳಲ್ಲಿ ಒಂದು. ಆದ್ರೂ 290 ಜನ ಅಮಾಯಕರು ಸತ್ತರು. ಅವರಲ್ಲಿ ಹತ್ತು ಜನ ಭಾರತೀಯರು.

ಯಾಕೆ ಹೀಗಾಯ್ತು? ಇವತ್ತಿನ ವಿಷಯ ಇದೇ.

ಕಾರವಾರದ ನೌಕಾನೆಲೆ ಬಗ್ಗೆ ಕಾರ್ಯಕ್ರಮ ಮಾಡಿದ ಮಾರನೇ ದಿನ ದೇವದುರ್ಗದಿಂದ ಒಬ್ಬ ವೀಕ್ಷಕರು ಫೋನ್ ಮಾಡಿದ್ರು. "ಸರ, ನಮ್ಮ ಜಿಲ್ಲಾದಾಗ ಸಮುದ್ರನ ಇಲ್ರಿ. ಹಡಗಿನ ಸಾಫ್ಟ್‌ವೇರ್ ತಗೊಂಡು ನಾವೇನು ಮಾಡೂನು?" ಅಂದ್ರು. ಪ್ರಶ್ನೆ ನ್ಯಾಯವಾದದ್ದೇ. ರಾಯಚೂರಿಂದ ಸಮುದ್ರ ಎಲ್ಲಿ, ನಾವೆಲ್ಲಿ? ಆದ್ರೆ ನನ್ನ ಪ್ರಕಾರ ಈ ವಿಷಯ ರಾಯಚೂರಿನವರಿಗೆ ಬೇರೆಯವರಿಗಿಂತ ಬೇಗ ಅರ್ಥವಾಗುತ್ತೆ. ಕಾಲುವೆ, ಸೇತುವೆ, ಕರೆಂಟು, ಈ ಮೂರನ್ನ ನೋಡಿ ಬೆಳೆದವರಿಗೆ ಇದರ ಅರ್ಧ ಪಾಠ ಆಗ್ಲೇ ಗೊತ್ತಿದೆ. ಹೇಗೆ ಅಂತ ಒಂದೊಂದಾಗಿ ನೋಡೋಣ.

ಚುಕ್ಕೆಯಿಂದ ಟ್ರ್ಯಾಕ್

ಸಿನಿಮಾದಲ್ಲಿ ರಾಡಾರ್ ಪರದೆ ಮೇಲೆ ಹಸಿರು ಚುಕ್ಕೆ ಮಿನುಗುತ್ತೆ, ಒಬ್ಬ ಅಧಿಕಾರಿ ಬೆರಳು ತೋರಿಸಿ "ಶತ್ರು!" ಅಂತಾನೆ. ನಿಜವಾದ ಕೆಲಸ ಅಷ್ಟು ಸುಲಭ ಇಲ್ಲ. ರಾಡಾರ್ ಒಂದು ಸುತ್ತು ತಿರುಗಿದ್ರೆ ಒಂದು ಚುಕ್ಕೆ ಸಿಗುತ್ತೆ. ಮುಂದಿನ ಸುತ್ತಿಗೆ ಇನ್ನೊಂದು. ಈ ಎರಡೂ ಚುಕ್ಕೆ ಒಂದೇ ವಿಮಾನದ್ದಾ, ಇಲ್ಲ ಒಂದು ವಿಮಾನದ್ದು ಮತ್ತೊಂದು ಹಕ್ಕಿಗಳ ಹಿಂಡಿನದ್ದಾ? ಹೀಗೆ ಲೆಕ್ಕ ಹಾಕಿ, ಚುಕ್ಕೆಗಳನ್ನ ಪೋಣಿಸಿ, ಸಾಫ್ಟ್‌ವೇರ್ ಒಂದು ದಾಖಲೆ ತೆರೆಯುತ್ತೆ. ಅದನ್ನೇ ಟ್ರ್ಯಾಕ್ ಅಂತಾರೆ.

ಟ್ರ್ಯಾಕ್ ಅಂದ್ರೆ ಒಂದು ರೇಷನ್ ಕಾರ್ಡ್ ಇದ್ದಂಗೆ. ಅದಕ್ಕೊಂದು ನಂಬರ್ ಇರುತ್ತೆ. ಎಲ್ಲಿದೆ, ಎಷ್ಟು ಎತ್ತರ, ಎಷ್ಟು ವೇಗ, ಯಾವ ದಿಕ್ಕು ಅಂತ ಬರೆದಿರುತ್ತೆ. ಎಲ್ಲಕ್ಕಿಂತ ಮುಖ್ಯವಾದದ್ದು ಗುರುತು. ನಮ್ಮವನಾ, ಶತ್ರುವಾ, ತಟಸ್ಥನಾ, ಗೊತ್ತಿಲ್ಲದವನಾ? ಈ ಗುರುತಿನ ಕಾಲಂನಲ್ಲಿ ಏನು ಬರೆದಿದೆ ಅನ್ನೋದರ ಮೇಲೆ ಕ್ಷಿಪಣಿ ಹಾರಬೇಕೋ ಬೇಡವೋ ನಿರ್ಧಾರ ಆಗುತ್ತೆ.

ಒಂದು ಯುದ್ಧನೌಕೆಗೆ ಒಂದೇ ಕಣ್ಣಲ್ಲ. ದೂರ ನೋಡೋ ರಾಡಾರ್ ಬೇರೆ, ಕ್ಷಿಪಣಿಗೆ ದಾರಿ ತೋರಿಸೋ ರಾಡಾರ್ ಬೇರೆ, ಹಡಗು ನಡೆಸೋಕೆ ಇನ್ನೊಂದು. ನೀರಿನೊಳಗೆ ಆಲಿಸೋ ಸೋನಾರ್ ಇದೆ. ಶತ್ರುವಿನ ರಾಡಾರ್ ಅಲೆ ಹಿಡಿಯೋ ಆಂಟೆನಾ ಇದೆ. ಮೇಲೆ ಹಾರ್ತಿರೋ ಹೆಲಿಕಾಪ್ಟರ್‌ನಿಂದಲೂ ಮಾಹಿತಿ ಬರುತ್ತೆ. ಇದನ್ನೆಲ್ಲ ಒಂದೆಡೆ ಸೇರಿಸಿ, ಆಪರೇಷನ್ಸ್ ರೂಮಿನಲ್ಲಿ ಕೂತವರ ಮುಂದೆ ಒಂದು ಚಿತ್ರವಾಗಿ ಇಡೋ ಸಾಫ್ಟ್‌ವೇರ್ ಹೆಸರು ಕಾಂಬ್ಯಾಟ್ ಮ್ಯಾನೇಜ್‌ಮೆಂಟ್ ಸಿಸ್ಟಮ್. ಚಿಕ್ಕದಾಗಿ ಸಿಎಂಎಸ್.

ಸಮಸ್ಯೆ ಶುರುವಾಗೋದು ಇಲ್ಲೇ. ಈ ಚಿತ್ರ ಒಂದೇ ಕಂಪ್ಯೂಟರ್‌ನಲ್ಲಿ ಇರಲ್ಲ. ಇದ್ರೆ, ಆ ಕಂಪ್ಯೂಟರ್‌ಗೆ ಒಂದು ಗುಂಡು ಬಿದ್ರೆ ಹಡಗು ಕುರುಡಾಗುತ್ತೆ. ಹಾಗಾಗಿ ಹಡಗಿನ ತುಂಬ ಹತ್ತಾರು ಕಂಪ್ಯೂಟರ್‌ಗಳಲ್ಲಿ ಅದರ ನಕಲುಗಳು ಇರ್ತವೆ. ಪಕ್ಕದ ಹಡಗಿನಲ್ಲೂ ಇರ್ತವೆ. ಎಲ್ಲ ನಕಲುಗಳೂ ಪ್ರತಿ ಕ್ಷಣ ಒಂದೇ ಥರ ಇರಬೇಕು. ಕ್ಯಾಪ್ಟನ್ ನೋಡ್ತಿರೋ ಟ್ರ್ಯಾಕ್ ಒಂದು, ಕ್ಷಿಪಣಿ ಹಾರಿಸೋನು ನೋಡ್ತಿರೋ ಟ್ರ್ಯಾಕ್ ಇನ್ನೊಂದು ಆದ್ರೆ ಮುಗೀತು ಕಥೆ.

ಹೂವಿನಹೆಡಗಿ ಸೇತುವೆಯ ಪಾಠ

ಈಗ ದೇವದುರ್ಗಕ್ಕೆ ಬನ್ನಿ. ಮಳೆಗಾಲದಲ್ಲಿ ನಾರಾಯಣಪುರದ ಬಸವಸಾಗರದಿಂದ ಕೃಷ್ಣೆಗೆ ನೀರು ಬಿಡ್ತಾರೆ. "ಇಷ್ಟು ಲಕ್ಷ ಕ್ಯುಸೆಕ್" ಅಂತ ನಮ್ಮ ಟಿವಿ ಪರದೆಯ ಕೆಳಗೆ ಪಟ್ಟಿ ಓಡುತ್ತೆ. ಅದನ್ನ ನೋಡಿದವರು ಹೂವಿನಹೆಡಗಿ ಸೇತುವೆ ಹತ್ರ ಹೋಗಿ, "ಎಲ್ಲೈತಿ ನೀರು? ಸೇತುವಿ ಖಾಲಿ ಐತಲ್ಲ" ಅಂತಾರೆ. ಟಿವಿ ಸುಳ್ಳು ಹೇಳಿಲ್ಲ. ಸೇತುವೆಯೂ ಸುಳ್ಳು ಹೇಳ್ತಿಲ್ಲ. ಡ್ಯಾಮಿನ ಗೇಟ್ ಬಿಟ್ಟ ನೀರು ಸೇತುವೆಗೆ ಬರೋಕೆ ಗಂಟೆಗಳೇ ಬೇಕು. ಎರಡೂ ಮಾಹಿತಿ ಸರಿ, ಆದ್ರೆ ಎರಡರ ಹೊತ್ತು ಬೇರೆ. ಹೊತ್ತು ನೋಡದೆ ಅಂಕಿ ಮಾತ್ರ ನೋಡಿ ಸೇತುವೆ ದಾಟೋಕೆ ಹೋದವನ ಗತಿ ಏನು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಮಾನ್ವಿಯವರಿಗೆ ಇದೇ ಪಾಠವನ್ನ ತುಂಗಭದ್ರಾ ಎಡದಂಡೆ ಕಾಲುವೆ ಕಲಿಸಿದೆ. ಮೇಲಿನ ಗೇಜ್‌ನಲ್ಲಿ ನೀರಿದೆ ಅಂತ ಅಧಿಕಾರಿ ಹೇಳ್ತಾರೆ, ಕೊನೇ ಭಾಗದ ರೈತ ನಮ್ಮ ಹೊಲಕ್ಕೆ ಬಂದಿಲ್ಲ ಅಂತಾನೆ. ಎಲ್ಲಿ ಅಳೆದದ್ದು, ಯಾವಾಗ ಅಳೆದದ್ದು ಅಂತ ಬರೆಯದ ಅಂಕಿಯಿಂದ ಜಗಳ ಹುಟ್ಟುತ್ತೆಯೇ ಹೊರತು ನೀರು ಬರಲ್ಲ.

ಮತ ಎಣಿಕೆ ದಿನ ನೆನಪು ಮಾಡ್ಕೊಳ್ಳಿ. ಒಂದು ಚಾನೆಲ್‌ನಲ್ಲಿ ನಿಮ್ಮ ಅಭ್ಯರ್ಥಿ ಮುಂದೆ, ರಿಮೋಟ್ ಒತ್ತಿದ್ರೆ ಇನ್ನೊಂದರಲ್ಲಿ ಹಿಂದೆ. ಒಬ್ಬರು ಆರನೇ ಸುತ್ತಿನ ಲೆಕ್ಕ ತೋರಿಸ್ತಿದ್ದಾರೆ, ಇನ್ನೊಬ್ಬರು ಎಂಟನೇದು. ಅಷ್ಟೇ ವ್ಯತ್ಯಾಸ. ನಮ್ಮಲ್ಲಿ ಅದರಿಂದ ಆಗೋದು ಸ್ವಲ್ಪ ಹೊತ್ತಿನ ಗೊಂದಲ. ಸಮುದ್ರದ ಮೇಲೆ? ಗಂಟೆಗೆ 900 ಕಿಲೋಮೀಟರ್ ವೇಗದ ವಿಮಾನ ಒಂದು ಸೆಕೆಂಡಿಗೆ 250 ಮೀಟರ್ ಮುಂದೆ ಹೋಗಿರುತ್ತೆ. ಬ್ರಹ್ಮೋಸ್‌ನಂಥ ಕ್ಷಿಪಣಿ ಒಂದು ಸೆಕೆಂಡಿಗೆ ಹತ್ತಿರ ಹತ್ತಿರ ಒಂದು ಕಿಲೋಮೀಟರ್. ಒಂದು ಸೆಕೆಂಡ್ ಹಳೇ ಮಾಹಿತಿ ನಂಬಿ ಗುರಿಯಿಟ್ರೆ, ಗುರಿ ಇಲ್ಲದ ಜಾಗಕ್ಕೆ ಹೊಡೆದಂಗೆ.

ಅದಕ್ಕೇ ಇಲ್ಲಿ ಮೊದಲ ನಿಯಮ: ಪ್ರತಿ ಮಾಹಿತಿಯ ಮೇಲೆ ಹೊತ್ತಿನ ಮುದ್ರೆ ಇರಬೇಕು, ಮತ್ತು ಎಲ್ಲರ ಗಡಿಯಾರವೂ ಒಂದೇ ಆಗಿರಬೇಕು.

ಮೂರನೇ ಒಂದು ಸೆಕೆಂಡಿನ ಬೆಲೆ

ಗಡಿಯಾರ ತಪ್ಪಿದ್ರೆ ಏನಾಗುತ್ತೆ ಅನ್ನೋದಕ್ಕೆ ಉದಾಹರಣೆ ಸಮುದ್ರದಿಂದಲ್ಲ, ಮರುಭೂಮಿಯಿಂದ ಬರುತ್ತೆ. 1991ರ ಫೆಬ್ರವರಿ 25. ಕೊಲ್ಲಿ ಯುದ್ಧ. ಸೌದಿ ಅರೇಬಿಯಾದ ಧಹ್ರಾನ್‌ನಲ್ಲಿ ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ ಕಾವಲಿಗಿತ್ತು. ಇರಾಕ್‌ನ ಸ್ಕಡ್ ಕ್ಷಿಪಣಿ ಬಂತು. ಪೇಟ್ರಿಯಟ್ ಹಾರಲೇ ಇಲ್ಲ. ಸೈನಿಕರ ವಸತಿಗೆ ಸ್ಕಡ್ ಬಿತ್ತು, 28 ಅಮೆರಿಕನ್ ಸೈನಿಕರು ಸತ್ತರು.

ಏನಾಗಿತ್ತು? ಆ ಕಂಪ್ಯೂಟರ್ ಸಮಯವನ್ನ ಸೆಕೆಂಡಿನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ ಎಣಿಸ್ತಿತ್ತು. ನಮಗೆ 0.1 ಅನ್ನೋದು ಸಣ್ಣ, ಸ್ಪಷ್ಟ ಸಂಖ್ಯೆ. ಆದ್ರೆ ಬರೀ ಸೊನ್ನೆ ಮತ್ತು ಒಂದು ಬಳಸೋ ಕಂಪ್ಯೂಟರ್‌ಗೆ ಅದು ಮುಗಿಯದ ಸಂಖ್ಯೆ. ನಾವು ಮೂರನೇ ಒಂದನ್ನ 0.3333 ಅಂತ ಬರೀತಾ ಹೋದಂಗೆ. 24 ಬಿಟ್‌ಗೆ ಕತ್ತರಿಸಿ ಇಟ್ಟುಕೊಂಡಿದ್ರು. ಕತ್ತರಿಸಿದ ಚೂರು ಅತಿ ಸಣ್ಣದು. ಆದ್ರೆ ವ್ಯವಸ್ಥೆ ಸುಮಾರು 100 ಗಂಟೆ ನಿಲ್ಲದೆ ಓಡ್ತಿತ್ತು. ಅಷ್ಟು ಹೊತ್ತಿಗೆ ತಪ್ಪು ಸೇರಿ ಸೇರಿ ಸೆಕೆಂಡಿನ ಮೂರನೇ ಒಂದು ಭಾಗ ಆಗಿತ್ತು. ಸ್ಕಡ್‌ನ ವೇಗಕ್ಕೆ ಅದು ಅರ್ಧ ಕಿಲೋಮೀಟರಿಗಿಂತ ಹೆಚ್ಚು. ರಾಡಾರ್ ನೋಡಿದ ಜಾಗದಲ್ಲಿ ಸ್ಕಡ್ ಇರಲಿಲ್ಲ.

ಇಲ್ಲೊಂದು ಸೂಕ್ಷ್ಮ ಇದೆ, ದಯವಿಟ್ಟು ಗಮನಿಸಿ. ಎಲ್ಲ ಕಡೆ ಒಂದೇ ತಪ್ಪು ಇದ್ದಿದ್ರೆ ಇಷ್ಟು ಅನಾಹುತ ಆಗ್ತಿರಲಿಲ್ಲ. ಎರಡು ಸಮಯಗಳನ್ನ ಒಂದರಿಂದ ಒಂದು ಕಳೆಯುವಾಗ ತಪ್ಪೂ ಕಳೆದುಹೋಗ್ತಿತ್ತು. ಆದ್ರೆ ಸಾಫ್ಟ್‌ವೇರ್ ಸುಧಾರಿಸುವಾಗ ಕೆಲವು ಕಡೆ ಹೆಚ್ಚು ನಿಖರವಾದ ಲೆಕ್ಕ ಹಾಕಿದ್ರು, ಕೆಲವು ಕಡೆ ಹಳೇದನ್ನೇ ಬಿಟ್ಟಿದ್ರು. ಅರ್ಧ ಸುಧಾರಣೆ ಪೂರ್ತಿ ಅಪಾಯ ಆಯ್ತು. ಸರಿಪಡಿಸಿದ ಸಾಫ್ಟ್‌ವೇರ್ ಧಹ್ರಾನ್‌ಗೆ ತಲುಪಿದ್ದು ಮಾರನೇ ದಿನ, ಫೆಬ್ರವರಿ 26ಕ್ಕೆ.

ಒಂದೇ ಲಾರಿ, ಎರಡು ನಂಬರು

ಗಡಿಯಾರ ಸರಿಹೋಯ್ತು ಅಂದ್ಕೊಳ್ಳಿ. ಎರಡನೇ ತಲೆನೋವು ಈಗ ಬರುತ್ತೆ. ಮಾನ್ವಿಯಿಂದ ಭತ್ತ ತುಂಬಿದ ಲಾರಿ ರಾಯಚೂರಿಗೆ ಹೊರಟಿದೆ. ಊರ ಹೊರಗೆ ನಿಂತ ಒಬ್ಬ "ಲಾರಿ ಬಂತು, ನಂಬರ್ ಒಂದು" ಅಂತ ಬರ್ಕೊಂಡ. ಅರ್ಧ ದಾರಿಯಲ್ಲಿ ನಿಂತ ಇನ್ನೊಬ್ಬ ಅದೇ ಲಾರಿ ನೋಡಿ "ನಂಬರ್ ಎರಡು" ಅಂತ ಬರ್ಕೊಂಡ. ಇಬ್ಬರೂ ರಾಯಚೂರಿನ ಸಾಹುಕಾರರಿಗೆ ಫೋನ್ ಮಾಡಿದ್ರು. ಸಾಹುಕಾರರು ಎರಡು ಲಾರಿಗೆ ಜಾಗ ಮಾಡಿ, ಎರಡು ಲಾರಿಗೆ ಹಮಾಲರನ್ನ ಕರೆಸಿ ಕಾಯ್ತಾರೆ.

ಹಡಗುಗಳಲ್ಲೂ ಇದೇ ಆಗುತ್ತೆ. ಎರಡು ಹಡಗು ಒಂದೇ ವಿಮಾನ ನೋಡಿದ್ರೆ, ಎರಡು ನಂಬರ್ ಬೀಳಬಹುದು. ಹಡಗು ತಾನು ಯಾವ ದಿಕ್ಕಿಗೆ ಮುಖ ಮಾಡಿದ್ದೀನಿ ಅನ್ನೋದರಲ್ಲಿ ಬರೀ ಒಂದು ಡಿಗ್ರಿ ತಪ್ಪಿದ್ರೂ ಸಾಕು, 100 ಕಿಲೋಮೀಟರ್ ದೂರದ ವಿಮಾನ ಸುಮಾರು 1.7 ಕಿಲೋಮೀಟರ್ ಪಕ್ಕಕ್ಕೆ ಸರಿದು ಕಾಣುತ್ತೆ. ಆಗ ಒಂದು ವಿಮಾನ ಎರಡಾಗುತ್ತೆ, ಕೆಲವೊಮ್ಮೆ ಎರಡು ವಿಮಾನ ಒಂದಾಗುತ್ತೆ. ಹಾಗಾಗಿ ಸಾಫ್ಟ್‌ವೇರ್ ಹೋಲಿಕೆ ಮಾಡಿ, "ಇವೆರಡೂ ಒಂದೇ" ಅಂತ ತೀರ್ಮಾನಿಸಿ, ಒಂದು ನಂಬರ್ ಉಳಿಸಿ ಇನ್ನೊಂದನ್ನ ತೆಗೆದುಹಾಕುತ್ತೆ.

ತೆಗೆದ ನಂಬರ್ ಏನಾಗುತ್ತೆ? ಮೊದಲು ಹೇಳಿದ 290 ಜನರ ಸಾವು ಈ ಪ್ರಶ್ನೆಗೆ ಬಂದು ತಾಗುತ್ತೆ.

1988ರ ಜುಲೈ 3

ಹಾರ್ಮುಜ್ ಜಲಸಂಧಿ. ಇರಾನ್-ಇರಾಕ್ ಯುದ್ಧದ ಕೊನೇ ದಿನಗಳು. ಅಮೆರಿಕದ ಯುಎಸ್‌ಎಸ್ ವಿನ್ಸೆನ್ಸ್ ಆ ಬೆಳಗ್ಗೆ ಇರಾನಿನ ಗನ್‌ಬೋಟ್‌ಗಳ ಜೊತೆ ಕಾದಾಟದಲ್ಲಿತ್ತು. ಅದೇ ಹೊತ್ತಿಗೆ ಬಂದರ್ ಅಬ್ಬಾಸ್‌ನಿಂದ ಇರಾನ್ ಏರ್ 655 ದುಬೈಗೆ ಹೊರಟಿತು. ಏರ್‌ಬಸ್ ಎ300, ಪ್ರಯಾಣಿಕರ ವಿಮಾನ. ನಿಗದಿತ ಸಮಯಕ್ಕಿಂತ 27 ನಿಮಿಷ ತಡ.

ವಿನ್ಸೆನ್ಸ್ ಅದನ್ನ ಕಂಡಿತು, ಟ್ರ್ಯಾಕ್ ನಂಬರ್ 4474 ಕೊಟ್ಟಿತು. ಹತ್ತಿರದಲ್ಲಿದ್ದ ಇನ್ನೊಂದು ಹಡಗು ಯುಎಸ್‌ಎಸ್ ಸೈಡ್ಸ್ ಅದೇ ವಿಮಾನಕ್ಕೆ 4131 ಕೊಟ್ಟಿತು. ಎರಡು ಹಡಗುಗಳ ಕಂಪ್ಯೂಟರ್‌ಗಳು ಡೇಟಾ ಲಿಂಕ್ ಮೂಲಕ ಮಾತಾಡಿಕೊಂಡು, ಇದು ಒಂದೇ ವಿಮಾನ ಅಂತ ಸರಿಯಾಗಿಯೇ ಗುರುತಿಸಿ, 4131 ಉಳಿಸಿಕೊಂಡವು. ಖಾಲಿಯಾದ 4474 ನಂಬರ್ ದೂರದಲ್ಲಿ ಹಾರ್ತಿದ್ದ ಅಮೆರಿಕದ್ದೇ ಒಂದು ಯುದ್ಧವಿಮಾನಕ್ಕೆ ಹೋಯ್ತು. ಆ ವಿಮಾನ ಕೆಳಗಿಳೀತಾ ಇತ್ತು.

ಆಪರೇಷನ್ಸ್ ರೂಮಿನಲ್ಲಿ ಗದ್ದಲ. ಗನ್‌ಬೋಟ್‌ಗಳ ಮೇಲೆ ಗುಂಡು ಹಾರ್ತಿದೆ. ಬರ್ತಿರೋದು ಎಫ್-14 ಯುದ್ಧವಿಮಾನ ಇರಬಹುದು ಅಂತ ಯಾರೋ ಅಂದಿದ್ದಾರೆ. ಕ್ಯಾಪ್ಟನ್ ವಿಲ್ ರೋಜರ್ಸ್ ತಲೆಯಲ್ಲಿ ಇದ್ದದ್ದು ಮೊದಲು ಕೇಳಿದ ನಂಬರ್. 4474 ಏನು ಮಾಡ್ತಿದೆ ಅನ್ನೋದು ಅವರ ಪ್ರಶ್ನೆ. ಬಂದ ಉತ್ತರ, ಇಳೀತಿದೆ. ಇಳಿದು ಬರೋ ವಿಮಾನ ಅಂದ್ರೆ ದಾಳಿಗೆ ಬರೋ ವಿಮಾನ. ಎರಡು ಕ್ಷಿಪಣಿ ಹಾರಿದವು. ವಿಮಾನದಲ್ಲಿದ್ದ 290 ಜನರೂ ಸತ್ತರು, ಅವರಲ್ಲಿ 66 ಮಕ್ಕಳು.

ಸೈಡ್ಸ್ ಹಡಗಿನ ಕಮಾಂಡರ್ ಡೇವಿಡ್ ಕಾರ್ಲ್‌ಸನ್‌ಗೆ ಅದೇ ವಿಮಾನ ಅಪಾಯ ಅಂತ ಅನ್ನಿಸಿರಲೇ ಇಲ್ಲ. ಆಕಾಶ ಒಂದೇ, ವಿಮಾನ ಒಂದೇ. ಎರಡು ಹಡಗಿನ ನಾಯಕರ ತಲೆಯೊಳಗಿನ ಚಿತ್ರ ಮಾತ್ರ ಬೇರೆ ಬೇರೆ.

ಅಮೆರಿಕದ ಅಧಿಕೃತ ತನಿಖೆ, ಯಂತ್ರದ ಮಾಹಿತಿ ಸರಿಯಾಗಿತ್ತು, ಒತ್ತಡದಲ್ಲಿದ್ದ ಸಿಬ್ಬಂದಿ ತಪ್ಪಾಗಿ ಓದಿದ್ರು ಅಂತು. ನಂತರ ಇದನ್ನ ಅಧ್ಯಯನ ಮಾಡಿದವರು ನಂಬರ್ ಬದಲಾವಣೆಯ ಕಡೆ ಬೊಟ್ಟು ಮಾಡಿದ್ರು. ವಿಮಾನ ಏರ್ತಿದೆಯೋ ಇಳೀತಿದೆಯೋ ಅನ್ನೋದನ್ನ ಪರದೆ ನೇರವಾಗಿ ತೋರಿಸ್ತಿರಲಿಲ್ಲ ಅನ್ನೋದನ್ನೂ ಹೇಳಿದ್ರು. ಅಂಕಿ ನೋಡಿ, ಹಿಂದಿನದನ್ನ ನೆನಪಿಟ್ಟು, ಮನಸ್ಸಲ್ಲೇ ಹೋಲಿಸಬೇಕಿತ್ತು. ಗುಂಡಿನ ಸದ್ದಿನ ನಡುವೆ! 1996ರಲ್ಲಿ ಅಮೆರಿಕ, ಮೃತರ ಕುಟುಂಬಗಳಿಗಾಗಿ 6.18 ಕೋಟಿ ಡಾಲರ್ ಕೊಡೋಕೆ ಒಪ್ಪಿ ಪ್ರಕರಣ ಇತ್ಯರ್ಥ ಮಾಡಿಕೊಂಡಿತು.

ಎಂಜಿನಿಯರಿಂಗ್ ಓದಿದವನಾಗಿ ನನಗೆ ಈ ತನಿಖೆಯ ತೀರ್ಮಾನ ಯಾವತ್ತೂ ಸಮಾಧಾನ ಕೊಟ್ಟಿಲ್ಲ. ಕಂಪ್ಯೂಟರ್‌ಗಳ ನಡುವೆ ಸಿಂಕ್ ಆಗಿತ್ತು, ಒಪ್ಪೋಣ. ಕಂಪ್ಯೂಟರ್ ಮತ್ತು ಮನುಷ್ಯನ ನಡುವೆ ಆಗಿರಲಿಲ್ಲ. ನಂಬರ್ ಬದಲಾಗಿದೆ ಅಂತ ಕ್ಯಾಪ್ಟನ್‌ಗೆ ಗೊತ್ತಾಗುವಂತೆ ತಿಳಿಸದ ವ್ಯವಸ್ಥೆಯನ್ನ ಸರಿಯಾಗಿತ್ತು ಅನ್ನೋದು ಹೇಗೆ?

ನಿಮ್ಮ ಮೊಬೈಲ್ ನಂಬರ್ ವಿಷಯವನ್ನೇ ತಗೊಳ್ಳಿ. ನೀವು ಸಿಮ್ ಬಿಟ್ಟ ಮೇಲೆ ಅದೇ ನಂಬರ್ ಬೇರೆಯವರಿಗೆ ಹೋಗುತ್ತೆ. ನಿಮ್ಮ ಬ್ಯಾಂಕಿನ ಓಟಿಪಿ ಅವರಿಗೆ ಬಂದ್ರೆ? ಅದಕ್ಕೇ ನಮ್ಮ ದೇಶದಲ್ಲಿ ಬಂದ್ ಆದ ನಂಬರನ್ನ ಕನಿಷ್ಠ 90 ದಿನ ಯಾರಿಗೂ ಕೊಡಲ್ಲ. ಒಂದು ಸಿಮ್‌ಗೇ ಇಷ್ಟು ಎಚ್ಚರಿಕೆ ಬೇಕು ಅಂದ್ಮೇಲೆ, ಕ್ಷಿಪಣಿಯ ಗುರಿಯ ನಂಬರಿಗೆ ಎಷ್ಟು ಬೇಕು?

ನೋಟಿಸ್ ಬೋರ್ಡ್ ಮತ್ತು ಮುಚ್ಚಳಿಕೆ

ಹಾಗಾದ್ರೆ ಈಗಿನ ಸಾಫ್ಟ್‌ವೇರ್ ಇದನ್ನ ಹೇಗೆ ನಿಭಾಯಿಸುತ್ತೆ? ಒಂದು ಮುಖ್ಯ ದಾರಿಗೆ ಡೇಟಾ ಡಿಸ್ಟ್ರಿಬ್ಯೂಷನ್ ಸರ್ವಿಸ್ ಅಂತ ಹೆಸರು. 2004ರಲ್ಲಿ ಅಂತಾರಾಷ್ಟ್ರೀಯ ಮಾನದಂಡ ಆಯ್ತು. ಅದರ ಒಂದು ಬೇರು ಇರೋದು ನೆದರ್ಲೆಂಡ್ಸ್‌ನ ಹಡಗು ವ್ಯವಸ್ಥೆಗಳಲ್ಲಿ. ಐಡಿಯಾ ಸರಳ. ಪ್ರತಿಯೊಬ್ಬರೂ ಪ್ರತಿಯೊಬ್ಬರಿಗೂ ಫೋನ್ ಮಾಡೋ ಬದಲು, ಪಂಚಾಯಿತಿ ಕಟ್ಟೆಯ ನೋಟಿಸ್ ಬೋರ್ಡ್ ಥರ ಮಾಹಿತಿ ಹಾಕೋದು. ಬೇಕಾದವರು ಮೊದಲೇ ಹೆಸರು ನೋಂದಾಯಿಸಿರ್ತಾರೆ, ಅವರಿಗೆ ತಾನಾಗೇ ತಲುಪುತ್ತೆ. ಹಡಗಿನ ಒಂದು ಕನ್ಸೋಲ್ ಕೆಟ್ಟು ಮತ್ತೆ ಶುರುವಾದ್ರೆ, ಹಿಂದಿನ ಎಲ್ಲ ಟ್ರ್ಯಾಕ್‌ಗಳ ಇವತ್ತಿನ ಸ್ಥಿತಿ ಅದಕ್ಕೆ ಸಿಗುವಂತೆ ಮಾಡಬಹುದು.

ಎಲ್ಲ ಮಾಹಿತಿಗೂ ಒಂದೇ ಮರ್ಯಾದೆ ಬೇಕಾಗಿಲ್ಲ. ವಿಮಾನದ ಸ್ಥಾನ ಕ್ಷಣಕ್ಷಣಕ್ಕೂ ಬದಲಾಗುತ್ತೆ. ಒಂದು ಸುದ್ದಿ ದಾರಿಯಲ್ಲಿ ಕಳೆದುಹೋದ್ರೆ ಚಿಂತೆ ಇಲ್ಲ, ಹಿಂದೆಯೇ ಹೊಸದು ಬರ್ತಿದೆ. ಹಳೇದನ್ನ ಮತ್ತೆ ಕಳಿಸೋಕೆ ಹೋದ್ರೆ ಅದೇ ತೊಂದರೆ. ಆದ್ರೆ "ಇದು ಶತ್ರು ಅಲ್ಲ, ಪ್ರಯಾಣಿಕರ ವಿಮಾನ" ಅನ್ನೋ ಸುದ್ದಿ? "ನಂಬರ್ ಬದಲಾಗಿದೆ" ಅನ್ನೋ ಸುದ್ದಿ? ಅದು ಒಂದೇ ಸಲ ಬರೋದು. ಮುಟ್ಟಿದೆ ಅಂತ ಪ್ರತಿಯೊಬ್ಬರಿಂದಲೂ ರಸೀದಿ ಬರೋವರೆಗೂ ಕಳಿಸ್ತಾ ಇರಬೇಕು. ಯಾವ ಮಾಹಿತಿಗೆ ಬೋರ್ಡ್ ಸಾಕು, ಯಾವುದಕ್ಕೆ ಸಹಿ ಹಾಕಿಸಿಕೊಂಡ ಮುಚ್ಚಳಿಕೆ ಬೇಕು ಅಂತ ತೀರ್ಮಾನಿಸೋದೇ ಈ ಸಾಫ್ಟ್‌ವೇರ್ ಬರೆಯೋರ ನಿಜವಾದ ಕಸುಬು.

ಜಾಲಹಳ್ಳಿಯಿಂದ ಅರಬ್ಬಿ ಸಮುದ್ರಕ್ಕೆ

ಈ ಕಸುಬು ನಮ್ಮ ಕರ್ನಾಟಕದಲ್ಲೇ ನಡೀತಿದೆ. ಬೆಂಗಳೂರಿನ ಜಾಲಹಳ್ಳಿಯ ಬಿಇಎಲ್, 1954ರಲ್ಲಿ ಶುರುವಾದ ಸಂಸ್ಥೆ. ಕೋಲ್ಕತಾ ದರ್ಜೆ, ಶಿವಾಲಿಕ್ ದರ್ಜೆಯ ಯುದ್ಧನೌಕೆಗಳ ಸಿಎಂಎಸ್ ಕೊಟ್ಟಿದ್ದು ಬಿಇಎಲ್. ನೌಕಾಪಡೆಯ ಹಡಗುಗಳಿಗೆ ದೂರಸಂಪರ್ಕ ಕೊಡೋ ಜಿಸ್ಯಾಟ್-7 ಉಪಗ್ರಹ, 2013ರಲ್ಲಿ ಹಾರಿದ್ದು, ಇಸ್ರೋ ಕಟ್ಟಿದ್ದು.

2019ರ ಮೇ 15. ಪಶ್ಚಿಮ ಕರಾವಳಿಯ ಆಚೆ ಐಎನ್‌ಎಸ್ ಕೊಚ್ಚಿ ಮತ್ತು ಐಎನ್‌ಎಸ್ ಚೆನ್ನೈ ಸೇರಿ ಒಂದು ಪರೀಕ್ಷೆ ಮಾಡಿದವು. ಎರಡೂ ಹಡಗಿನಿಂದ ಕ್ಷಿಪಣಿ ಹಾರಿದವು, ಆದ್ರೆ ಎರಡನ್ನೂ ನಿಯಂತ್ರಿಸಿದ್ದು ಒಂದೇ ಹಡಗು. ಆಕಾಶದ ಬೇರೆ ಬೇರೆ ಗುರಿಗಳನ್ನ ಹೊಡೆದವು. ಇದರ ಅರ್ಥ ಏನು? ಒಂದು ಹಡಗಿನ ಬತ್ತಳಿಕೆ, ಇನ್ನೊಂದು ಹಡಗಿನ ಕೈ. ಇಬ್ಬರ ಗಡಿಯಾರ, ಇಬ್ಬರ ನಕ್ಷೆ, ಇಬ್ಬರ ಟ್ರ್ಯಾಕ್ ನಂಬರ್ ಕೂದಲೆಳೆಯಷ್ಟೂ ತಪ್ಪದಿದ್ರೆ ಮಾತ್ರ ಇದು ಸಾಧ್ಯ.

ರಾಯಚೂರಿನವರು ಇಂಥದ್ದೇ ಒಂದು ಘಟನೆಗೆ ಸಾಕ್ಷಿ. 2013ರ ಡಿಸೆಂಬರ್ 31ರವರೆಗೆ ದಕ್ಷಿಣ ಭಾರತದ ವಿದ್ಯುತ್ ಜಾಲ ಬೇರೆ ತಾಳದಲ್ಲಿ, ಉಳಿದ ಭಾರತದ್ದು ಬೇರೆ ತಾಳದಲ್ಲಿ ಓಡ್ತಿತ್ತು. ಆವತ್ತು 765 ಕಿಲೋವೋಲ್ಟ್‌ನ ರಾಯಚೂರು-ಸೋಲಾಪುರ ಲೈನ್ ಮೂಲಕ ಎರಡನ್ನೂ ಕೂಡಿಸಿದ್ರು. ತಂತಿ ಎಳೆದ್ರೆ ಕೆಲಸ ಮುಗೀಲಿಲ್ಲ. ಸ್ವಿಚ್ ಹಾಕೋ ಕ್ಷಣಕ್ಕೆ ಎರಡೂ ಕಡೆಯ ಆವರ್ತನ, ವೋಲ್ಟೇಜ್, ಅಲೆಯ ಹೆಜ್ಜೆ ಕೂಡಬೇಕು. ತಾಳ ಕೂಡದೆ ಕೈ ಕುಲುಕಿದ್ರೆ ಶಕ್ತಿ ಹೆಚ್ಚಲ್ಲ, ಬೆಂಕಿ ಹತ್ತುತ್ತೆ. ಎರಡು ಹಡಗು ಕೂಡೋದೂ ಹಾಗೆಯೇ.

ಒಂದು ಕಹಿ ನೆನಪನ್ನೂ ಹೇಳಲೇಬೇಕು. 2019ರ ಫೆಬ್ರವರಿ 27ರಂದು ಕಾಶ್ಮೀರದ ಬುಡ್ಗಾಮ್‌ನಲ್ಲಿ ನಮ್ಮ ವಾಯುಪಡೆಯ ಎಂಐ-17 ಹೆಲಿಕಾಪ್ಟರ್ ಬಿತ್ತು. ಆರು ಯೋಧರು, ನೆಲದ ಮೇಲಿದ್ದ ಒಬ್ಬ ನಾಗರಿಕ ಸತ್ತರು. ಹೊಡೆದದ್ದು ನಮ್ಮದೇ ಕ್ಷಿಪಣಿ ಅಂತ ಅದೇ ವರ್ಷ ಅಕ್ಟೋಬರ್‌ನಲ್ಲಿ ವಾಯುಪಡೆ ಮುಖ್ಯಸ್ಥ ಭದೌರಿಯಾ ಬಹಿರಂಗವಾಗಿ ಒಪ್ಪಿಕೊಂಡ್ರು. ಅಲ್ಲೂ ಆಕಾಶದಲ್ಲಿ ಏನೋ ಇದೆ ಅಂತ ಕಂಡಿತ್ತು. ಅದು ನಮ್ಮದು ಅನ್ನೋದು ಗುಂಡಿ ಒತ್ತುವವರಿಗೆ ಗೊತ್ತಿರಲಿಲ್ಲ.

ಹೊಸ ಹಡಗು ನೀರಿಗಿಳಿದಾಗ ನಾವು ಟಿವಿಯವರು ಏನು ತೋರಿಸ್ತೀವಿ? ಕ್ಷಿಪಣಿ ಎಷ್ಟು ದೂರ ಹೋಗುತ್ತೆ, ತೂಕ ಎಷ್ಟು ಟನ್, ಬೆಲೆ ಎಷ್ಟು ಕೋಟಿ. ಇನ್ಮುಂದೆ ನೀವು ಇನ್ನೊಂದು ಪ್ರಶ್ನೆ ಕೇಳಿ. ಆ ಹಡಗಿನ ಎಲ್ಲ ಪರದೆಗಳೂ ಒಂದೇ ಕ್ಷಣದಲ್ಲಿ ಒಂದೇ ಮಾತು ಹೇಳ್ತವಾ? ಗುರುತು ಬದಲಾದ್ರೆ ಗುಂಡಿ ಒತ್ತೋ ಬೆರಳಿಗೆ ಅದು ಮುಟ್ಟುತ್ತಾ?

ರಾಯಚೂರು, ಮಾನ್ವಿ, ದೇವದುರ್ಗದ ಕಾಲೇಜುಗಳಲ್ಲಿ ಕಂಪ್ಯೂಟರ್ ಸೈನ್ಸ್ ಓದ್ತಿರೋ ತಮ್ಮಂದಿರು, ತಂಗಿಯರು ಇದನ್ನ ಓದ್ತಿದ್ರೆ ಒಂದು ಮಾತು. ಸಮುದ್ರ ನೋಡದವರೂ ಈ ಕೆಲಸ ಮಾಡಬಹುದು. ಮೇಲಿನ ಗೇಜ್‌ಗೂ ಕೆಳಗಿನ ಹೊಲಕ್ಕೂ ನಡುವಿನ ವ್ಯತ್ಯಾಸ ಚಿಕ್ಕಂದಿನಿಂದ ಕಂಡವರು ನೀವು. ಅಂಕಿ ಬಂದ ಕೂಡ್ಲೇ "ಎಲ್ಲಿಂದ ಬಂತು, ಯಾವಾಗಿಂದು?" ಅಂತ ಕೇಳೋ ಅಭ್ಯಾಸ ನಿಮಗೆ ಹುಟ್ಟಿನಿಂದ ಬಂದಿದೆ. ಹಡಗಿನ ಸಾಫ್ಟ್‌ವೇರ್‌ಗೆ ಬೇಕಾಗಿರೋದು ಆ ಅಭ್ಯಾಸವೇ.